ಪ್ರಾಚೀನ ಪಾಕಗ್ರಂಥಗಳೂ ಶ್ರಾವಕನ ಆಹಾರನಿಯಮವೂ

ಇಂದು ಇಡ್ಲಿ ಎಂದು ಕರೆಯುವ ತಿಂಡಿಯ ಪೂರ್ವರೂಪವಾದ ‘ಇಡ್ಡಲಿಗೆ’ಯು ಕನ್ನಡದಲ್ಲಿ ಮೊದಲು ಕಾಣಿಸಿಕೊಳ್ಳುವುದು ಕ್ರಿ.ಶ. 920ರ ಸುಮಾರಿನ ‘ವಡ್ಡಾರಾಧನೆ’ಯಲ್ಲಿ. ಘೋರೋಪಸರ್ಗಗಳನ್ನು ಸಹಿಸಿ ಆಹಾರವನ್ನೂ ದೇಹವನ್ನೂ ತ್ಯಜಿಸಿದ ಮಹಾಪುರುಷರ ಕಥೆಗಳುಳ್ಳ ಈ ಜೈನಗ್ರಂಥವೇ ಭಕ್ಷ್ಯಗಳ ಹೆಸರುಗಳನ್ನೂ ಉಳಿಸಿಕೊಟ್ಟಿರುವುದು ಗಮನಾರ್ಹ. ಏನನ್ನು ಬಿಟ್ಟರೆಂಬುದು ತಿಳಿಯದೆ ತ್ಯಾಗದ ಬೆಲೆ ತಿಳಿಯದಷ್ಟೆ.

ಸುಮಾರು ನೂರು ವರ್ಷಗಳ ತರುವಾಯ, 1025ರ ಹೊತ್ತಿಗೆ, ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. (ಬೆಳ್ಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಹೆಸರು ಒಂದೇ ಆದುದರಿಂದ ಪಾಠಶಾಲೆಯ ಮಕ್ಕಳು ಇಬ್ಬರನ್ನೂ ಒಬ್ಬನೆಂದು ಬರೆದುಬಿಡುವುದುಂಟು.) ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಸೇರಿಸುವ ಕ್ರಮ ಇದರಲ್ಲಿದೆ. ಅಕ್ಕಿಯ ಮಾತಿಲ್ಲ, ರಾತ್ರಿಯೆಲ್ಲ ಹುದುಗಿಸುವ ಮಾತೂ ಇಲ್ಲ.

ಇಲ್ಲಿ ವ್ರತಿಕನಾದ ಓದುಗನಿಗೆ ಒಂದು ಸಂದೇಹ ಏಳುವುದು ಸಹಜ. ಎರಡು ಬೇಳೆಯಾಗಿ ಒಡೆಯುವ ಧಾನ್ಯವನ್ನು ಮೊಸರು ಮಜ್ಜಿಗೆಗಳೊಡನೆ ಬೆರೆಸುವುದು ದ್ವಿದಲದೋಷ. ಇಂದಿನ ಜಯನಗರದ ಹೋಟೆಲಿನ ಇಡ್ಲಿಯಲ್ಲಿ ಮಜ್ಜಿಗೆ ಇಲ್ಲದಿರಬಹುದು. ಆದರೆ ಅದರ ಹಿಟ್ಟು ರಾತ್ರಿಯೆಲ್ಲ ಹುದುಗಿದುದು, ಆದ್ದರಿಂದ ಮರ್ಯಾದೆ ಮೀರಿದುದು. ಹಳೆಯದಕ್ಕೆ ಒಂದು ಆಕ್ಷೇಪ, ಹೊಸದಕ್ಕೆ ಇನ್ನೊಂದು. ಪ್ರಾಚೀನವಾದುದೆಲ್ಲ ಶುದ್ಧವೆಂದು ನಂಬುವವರು ಇದನ್ನು ಲಕ್ಷಿಸಬೇಕು. ಪಾಕಶಾಸ್ತ್ರವು ಅಡಿಗೆಯ ವಿಧಾನವನ್ನು ತಿಳಿಸುತ್ತದೆ. ಯಾವುದು ಭಕ್ಷ್ಯ, ಯಾವುದು ಅಭಕ್ಷ್ಯವೆಂಬ ನಿರ್ಣಯಕ್ಕೆ ಶ್ರಾವಕಾಚಾರವನ್ನೇ ನೋಡಬೇಕು.

ಈ ಭೇದವು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಇನ್ನೂ ಸ್ಪಷ್ಟ. 1130ರ ಸುಮಾರಿನ ಆ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಇಡ್ಡರಿಕಾ, ಧೋಸಕ, ವಟಕ, ಪೂರಿಕಾ, ಮಂಡಕಗಳ ಪಕ್ಕದಲ್ಲಿಯೇ ಹಂದಿ, ಜಿಂಕೆ, ಮೀನು, ಆಮೆ, ಕೊನೆಗೆ ಹೊಳೆದಂಡೆಯ ಇಲಿಯ ಮಾಂಸವೂ ಸೇರಿದೆ. ಜೈನ ವಿದ್ವಾಂಸರಿಗೆ ಆಶ್ರಯವಿತ್ತ ನಾಡಿನಲ್ಲಿಯೇ ಅರಮನೆಯ ಪಂಕ್ತಿ ಹಾಗಿತ್ತು. ಇದಕ್ಕೆ ಪ್ರತಿಯಾಗಿ, ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಪ್ರಭುವಂಶದ ಜೈನಕವಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವು ಸಂಪೂರ್ಣ ಸಸ್ಯಾಹಾರದ ಕೃತಿ. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬಾಳೆ, ಹಲಸು, ಎಲ್ಲಕ್ಕೂ ಅಲ್ಲಿ ಸ್ಥಳವುಂಟು. ಬದನೆಗಂತೂ ವಿಶೇಷ ಮರ್ಯಾದೆ. ಆ ಬದನೆಯೇ ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿ ಸೇರಿದೆ! ಮಂಗರಸನು ಬರೆದನೆಂದು ಬದನೆಯ ತ್ಯಾಗವನ್ನು ಸಡಿಲಿಸಬೇಕಿಲ್ಲ; ತ್ಯಾಗ ಮಾಡದ ಮನೆಯವರನ್ನು ಪಟ್ಟಿ ತೋರಿಸಿ ನಿಂದಿಸುವುದೂ ಉಚಿತವಲ್ಲ.

ದೂರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ‘ವಡ್ಡಾರಾಧನೆ’ಯ ಕಾಲಕ್ಕೆ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಬೈಜಾಂಟಿಯನ್ ಸಾಮ್ರಾಜ್ಯದ ರಾಜಧಾನಿ. 968ರಲ್ಲಿ ಅಲ್ಲಿಗೆ ದೂತನಾಗಿ ಹೋದ ಇಟಲಿಯ ಬಿಷಪ್ ಲಿಯುಟ್‌ಪ್ರಾಂಡನು, ಚಕ್ರವರ್ತಿ ಕಳುಹಿಸಿದ ಆಡಿನ ಮಾಂಸದಲ್ಲಿ ಬೆಳ್ಳುಳ್ಳಿ, ಈರುಳ್ಳಿ ತುಂಬಿದ್ದವೆಂದೂ ಮೀನಿನ ರಸವನ್ನು ಸುರಿದಿದ್ದರೆಂದೂ ಬರೆದಿಟ್ಟಿದ್ದಾನೆ. ಅದೇ ಜನರು ಬುಧವಾರ ಶುಕ್ರವಾರಗಳಲ್ಲಿಯೂ ಈಸ್ಟರ್ ಹಬ್ಬಕ್ಕೆ ಮುಂಚಿನ ಸುಮಾರು ನಲವತ್ತು ದಿನಗಳಲ್ಲಿಯೂ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುತ್ತಿದ್ದರು. ಕಠಿಣವಾಗಿ ಆಚರಿಸುವವರು ಎಣ್ಣೆಯನ್ನೂ ಬಿಟ್ಟು ಒಣ ಆಹಾರವನ್ನಷ್ಟೇ ಸೇವಿಸುತ್ತಿದ್ದರು. ಮಠಗಳಲ್ಲಿ ಊಟದ ಹೊತ್ತಿಗೆ ಒಬ್ಬನು ಧರ್ಮಗ್ರಂಥವನ್ನು ಓದುವನು. ಉಳಿದವರು ಮೌನವಾಗಿ ಉಣ್ಣುವರು. ರಸಪರಿತ್ಯಾಗ ಮತ್ತು ಭೋಜನಮೌನಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ಅವರ ತ್ಯಾಗವು ದಿನಗಳಿಗೆ ಸೇರಿದ್ದು. ದಿನ ಕಳೆದರೆ ಮಾಂಸವು ಮರಳಿ ತಟ್ಟೆಗೆ ಬರುತ್ತಿತ್ತು. ಶ್ರಾವಕನ ಮದ್ಯ-ಮಾಂಸ-ಮಧುತ್ಯಾಗವು ಮೂಲಗುಣವಾದುದರಿಂದ ಅದಕ್ಕೆ ಪಾರಣೆಯ ದಿನವಿಲ್ಲ. ಅವರ ಉಪವಾಸದ ಒಂದೂಟವು ಸಾಯಂಪ್ರಾರ್ಥನೆ ಮುಗಿಯುವವರೆಗೆ ತಡವಾಗುವುದುಂಟು. ಇಲ್ಲಿಯಾದರೋ ಸೂರ್ಯನೇ ಮೇರೆ.

ಆ ಮೇರೆಯೇ ಬೆಂಗಳೂರಿನ ದಕ್ಷಿಣ ಬಡಾವಣೆಗಳ ಕುಟುಂಬಗಳಿಗೆ ಇಂದು ಕಷ್ಟವಾಗಿರುವುದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ರಾತ್ರಿಯಲ್ಲಿ ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕನ್ನೂ ಬಿಡುವುದನ್ನು ಆರನೆಯ ಪ್ರತಿಮೆಯಾಗಿ ಹೇಳುತ್ತದೆ. ಪ್ರತಿಮಾಧಾರಿಗಳಲ್ಲದ ಮನೆಗಳಲ್ಲಿಯೂ ಈ ನಿಯಮ ತಲೆಮಾರುಗಳಿಂದ ನಡೆದುಬಂದಿದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮೊದಲೇ ಊಟ ಮುಗಿಸಬೇಕೆಂಬುದು ಕಟ್ಟುನಿಟ್ಟಿನ ಕ್ರಮ. ಬೆಂಗಳೂರಿನಲ್ಲಿ ಜುಲೈ ಮೊದಲಲ್ಲಿ ಸೂರ್ಯಾಸ್ತವು ಸುಮಾರು 6-50ಕ್ಕೆ. ನವೆಂಬರಿನಲ್ಲಿ 5-50ರ ಹತ್ತಿರ. ಚಾತುರ್ಮಾಸ ಆರಂಭವಾಗುವಾಗ ಆರು ಗಂಟೆಯವರೆಗೆ ಇದ್ದ ಅವಕಾಶವು ದೀಪಾವಳಿಯ ಸುಮಾರಿಗೆ ಐದಕ್ಕೆ ಇಳಿಯುತ್ತದೆ. ಬಿ.ಟಿ.ಎಂ. ಬಡಾವಣೆಯ ಕಚೇರಿಯಿಂದ ಬನಶಂಕರಿಯ ಮನೆಗೆ ಬಸ್ಸಿನಲ್ಲಿ ಹಿಂದಿರುಗುವವನು ಆ ವೇಳೆಗೆ ತಲುಪಲಾರನು.

ಇದಕ್ಕೆ ಕೆಲವರು ಕಂಡುಕೊಂಡಿರುವ ಪರಿಹಾರ ಸರಳ: ಬುತ್ತಿಯ ಎರಡನೆಯ ಡಬ್ಬಿ. ಅದರಲ್ಲಿ ಪೂರ್ತಿ ಊಟ ಇರಲೇಬೇಕೆಂಬ ಹಠ ಬೇಡ. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು ಎಂದು ಎಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನು ಅವಮೌದರ್ಯವೆಂಬ ಬಾಹ್ಯತಪವಾಗಿ ಆಚಾರ್ಯರು ಹೇಳಿದ್ದಾರೆ. ಬೆಳಿಗ್ಗೆ ಮಾಡಿದ ಎರಡು ಚಪಾತಿ, ಒಂದು ಬಾಳೆಹಣ್ಣು, ಸೋಸಿ ಕಾಯಿಸಿದ ನೀರು ಸಾಕು. ಕಚೇರಿಯ ಗೆಳೆಯರು ಮೊದಲ ವಾರ ಕಾರಣ ಕೇಳುತ್ತಾರೆ. ಎರಡನೆಯ ವಾರ ಐದು ಗಂಟೆಯಾಯಿತೆಂದು ಅವರೇ ನೆನಪಿಸುತ್ತಾರೆ.