ಶಿಕ್ಷಕರ ಸಂಬಳ ಮತ್ತು ಜಾಮೀನಿನ ಸಹಿ

ಸರ್ಕಾರಿ ಶಾಲಾ ಶಿಕ್ಷಕರ ಹಣಕಾಸಿನ ತಿಳಿವಳಿಕೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಉಳಿತಾಯ, ವಿಮೆ, ಆದಾಯ ತೆರಿಗೆಗಳ ಸುತ್ತಲೇ ನಡೆಯುತ್ತವೆಯಾದರೂ, ಅವರ ಸಂಬಳಕ್ಕೆ ದೊಡ್ಡ ಪೆಟ್ಟು ಬೀಳುವುದು ಎಷ್ಟೋ ವೇಳೆ ಇನ್ನೊಬ್ಬರ ಸಾಲದ ಪತ್ರಕ್ಕೆ ಅವರು ಹಾಕಿದ ಸಹಿಯಿಂದ. ಖಜಾನೆಯಿಂದ ತಿಂಗಳು ತಿಂಗಳೂ ಬರುವ ವೇತನವನ್ನು ನೆಚ್ಚಿ ಬ್ಯಾಂಕುಗಳೂ ಪತ್ತಿನ ಸಹಕಾರ ಸಂಘಗಳೂ ಶಿಕ್ಷಕರ ಜಾಮೀನನ್ನು ಬಯಸುತ್ತವೆ. ಬಂಧುಬಳಗದಲ್ಲಿ, ಸಹೋದ್ಯೋಗಿಗಳ ನಡುವೆ ಮೇಷ್ಟ್ರಿಗಿರುವ ಒಳ್ಳೆಯ ಹೆಸರೇ ಬೇಡವೆನ್ನಲಾಗದ ದಾಕ್ಷಿಣ್ಯವಾಗಿ ಅವರನ್ನು ಕಟ್ಟಿಹಾಕುತ್ತದೆ.

ಸಾಲಗಾರನು ಊರು ಬಿಟ್ಟರೆ ಅಥವಾ ಅವನ ಆಸ್ತಿಯೆಲ್ಲ ಮುಗಿದರೆ ಮಾತ್ರ ಜಾಮೀನುದಾರನ ಸರದಿ ಬರುತ್ತದೆ ಎಂಬ ನಂಬಿಕೆಯನ್ನು ಈ ಅಂಕಣಕಾರರು ಶಿಕ್ಷಕರ ಕೊಠಡಿಗಳಲ್ಲಿ ಮತ್ತೆ ಮತ್ತೆ ಕೇಳಿದ್ದಾರೆ. ಕಾನೂನು ಹಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಆದ್ದರಿಂದ ಕಂತು ಸುಸ್ತಿಯಾದಾಗ, ಅಂದರೆ ಗಡುವು ಮೀರಿ ಬಾಕಿ ಉಳಿದಾಗ, ಸಾಲ ಕೊಟ್ಟವರು ನೇರವಾಗಿ ಜಾಮೀನುದಾರನನ್ನೇ ಕೇಳಬಹುದು. ಸಹಕಾರ ಸಂಘದ ಸಾಲವಾದರೆ, ವೇತನದಲ್ಲಿ ಕಟಾವಣೆಗೆ ಸದಸ್ಯರು ಮೊದಲೇ ಬರೆದುಕೊಟ್ಟ ಒಪ್ಪಿಗೆಯ ಬಲದಿಂದ ಬಟವಾಡೆ ಅಧಿಕಾರಿ, ಎಂದರೆ ಸಂಬಳದ ಬಿಲ್ಲು ಮಾಡುವ ಅಧಿಕಾರಿ, ಹಣವನ್ನು ಹಿಡಿದುಕೊಳ್ಳುತ್ತಾರೆ. ಅಂಥ ಒಪ್ಪಿಗೆಪತ್ರವನ್ನು ಪೂರ್ತಿ ಓದದೆ ಸಹಿ ಮಾಡುವ ರೂಢಿ ನಿಜಕ್ಕೂ ಕಳವಳಕಾರಿಯಾದುದು.

ಹಾಲಿನವರಿಗೂ ಯುಪಿಐ ಮೂಲಕವೇ ದುಡ್ಡು ಕಳಿಸುವ ಶಿಕ್ಷಕರು ಅದೇ ಫೋನಿನಲ್ಲಿ ತಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ತಮ್ಮ ಹೆಸರಿನಲ್ಲಿರುವ ಸಾಲಗಳ ಮತ್ತು ಮರುಪಾವತಿಯ ದಾಖಲೆಯನ್ನು, ನೋಡಿಕೊಳ್ಳುವುದು ವಿರಳ. ರಿಸರ್ವ್ ಬ್ಯಾಂಕಿನ ನಿಯಮದಂತೆ 2017ರಿಂದ ಸಿಬಿಲ್ ಮೊದಲಾದ ಪ್ರತಿಯೊಂದು ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾಗಿದ್ದು, ಜಾಮೀನು ನಿಂತ ಬ್ಯಾಂಕ್ ಸಾಲವೂ ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಆ ಸಾಲ ಸುಸ್ತಿಯಾದರೆ, ನಾಳೆ ಮನೆ ಕಟ್ಟಲು ತಾವೇ ಸಾಲ ಕೇಳುವಾಗ ಜಾಮೀನು ನಿಂತವರಿಗೆ ಅದು ಅಡ್ಡಿಯಾಗಬಹುದು. ಆದರೆ ಎಲ್ಲ ಪತ್ತಿನ ಸಂಘಗಳ ಲೆಕ್ಕವೂ ಈ ವರದಿಗೆ ಸೇರುವುದಿಲ್ಲವಾದ್ದರಿಂದ, ಸಂಘದಲ್ಲಿ ನಿಂತ ಜಾಮೀನಿನ ಬಾಕಿ ಎಷ್ಟೆಂಬುದನ್ನು ಅಲ್ಲಿಯೇ ಲಿಖಿತವಾಗಿ ಕೇಳಿ ಪಡೆಯಬೇಕಾಗುತ್ತದೆ.

ಜಾಮೀನುದಾರನಿಗೆ ಹಕ್ಕುಗಳೂ ಇವೆ. ಅವನ ಒಪ್ಪಿಗೆಯಿಲ್ಲದೆ ಸಾಲದ ಷರತ್ತುಗಳನ್ನು ಬದಲಿಸಿದರೆ, ಅದೇ ಕರಾರು ಕಾಯ್ದೆಯ 133ನೆಯ ಕಲಮಿನಂತೆ ಆ ಬದಲಾವಣೆಯ ನಂತರದ ವ್ಯವಹಾರಗಳ ಹೊಣೆಯಿಂದ ಅವನು ಬಿಡುಗಡೆ ಹೊಂದುತ್ತಾನೆ. ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಲು 145ನೆಯ ಕಲಮು ಅವಕಾಶ ಕೊಡುತ್ತದೆ. ಸಂಬಂಧ ಕೆಡುವುದೆಂಬ ಅಂಜಿಕೆಯಿಂದ ಸುಮ್ಮನಿರುವವರೇ ಹೆಚ್ಚಾದರೂ, ಆ ದಾವೆಗೆ 1963ರ ಕಾಲಮಿತಿ ಕಾಯ್ದೆ ಕೊಟ್ಟಿರುವ ಅವಧಿ ಹಣ ಕಟ್ಟಿದಂದಿನಿಂದ 3 ವರ್ಷ ಮಾತ್ರ. ಸಂಬಳದಿಂದ ಕಡಿತವಾದ ಪ್ರತಿ ತಿಂಗಳ ವೇತನ ಚೀಟಿಯೂ ಸಂಘದ ರಸೀದಿಯೂ ಆಗ ಸಾಕ್ಷ್ಯವಾಗಿ ಬೇಕಾಗುತ್ತವೆ.