ಒಲೆಯ ಬೂದಿ ಮತ್ತು ಬೆಂಕಿಯ ಭಯ

ಒಲೆಯ ಬೂದಿಯು ತೆಂಗು ಬಾಳೆಗಳಿಗೆ ಒಳ್ಳೆಯ ಗೊಬ್ಬರವೆಂಬುದನ್ನು ರೈತರು ಬಲ್ಲರು. ಆದರೆ ಬೆಳಗಿನಲ್ಲಿ ಒಲೆಯಿಂದ ತೆಗೆದ ಬೂದಿಯನ್ನು, ಆರಿದೆಯೆಂದು ನಂಬಿ, ಬಣವೆಯ ಮಗ್ಗುಲಿನ ತಿಪ್ಪೆಗೆ ಸುರಿಯುವ ವಾಡಿಕೆಯು ಅಪಾಯಕರವಾದುದು. ಬೂದಿಯು ಶಾಖವನ್ನು ಬೇಗನೆ ಬಿಡದು. ಅದರಲ್ಲಿ ಹುದುಗಿದ ಕೆಂಡವು ಒಂದು ದಿನಕ್ಕೂ ಮೀರಿ ಆರದೆ ಇದ್ದು, ಗಾಳಿ ಬೀಸಿದೊಡನೆ ಕಿಡಿಯಾಗಿ ಹಾರಬಲ್ಲದು. ಸುಗ್ಗಿಯ ತರುವಾಯ ಇಂತಹ ಒಂದು ಕಿಡಿಗೆ ವರ್ಷದ ಮೇವೆಲ್ಲವೂ ಆಹುತಿಯಾಗಬಹುದು. ತಿಪ್ಪೆಗೂ ಇದರಿಂದ ಲಾಭವಿಲ್ಲ: ಬೂದಿಯ ಕ್ಷಾರವು ತಗುಲಿ ಸಗಣಿಯ ಸಾರಜನಕವು ಅಮೋನಿಯಾ ಅನಿಲವಾಗಿ ಹಾರಿಹೋಗುವುದು.

ನೀರೆರೆದು ಆರಿಸಿದರೆ ಬೆಂಕಿಯ ಭಯವೇನೋ ತಪ್ಪುವುದು. ಆದರೆ ಪೊಟ್ಯಾಷ್ ಕರಗಿ ಹರಿದುಹೋಗುವುದು. ಆದುದರಿಂದ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ ಬೂದಿಯನ್ನು ತುಂಬಿ, ಮನೆಗೂ ಬಣವೆಗೂ ದೂರವಾಗಿ, ಮಳೆ ತಾಗದಂತೆ ಬರಿಯ ನೆಲದ ಮೇಲೆ ನಾಲ್ಕು ದಿನವಾದರೂ ಇರಿಸಬೇಕು. ಮಂಕರಿಯೂ ಗೋಣಿಚೀಲವೂ ಈ ಕೆಲಸಕ್ಕೆ ಕೂಡದು.