ನಿನ್ನ ನಕ್ಷತ್ರ ನಿನಗೆ ಗೊತ್ತಿರಲಿ

ದೇವಸ್ಥಾನದಲ್ಲಿ ಅರ್ಚಕರು ತಟ್ಟೆ ಹಿಡಿದು "ಹೆಸರು, ಗೋತ್ರ, ನಕ್ಷತ್ರ?" ಅಂದ ಕೂಡಲೇ ಅಮ್ಮನ ಮುಖ ನೋಡುತ್ತೀಯಲ್ಲ, ಅದನ್ನು ಮೊದಲು ಬಿಡು. ಇಪ್ಪತ್ತು ದಾಟಿದ ಮಗು ನೀನು. ಬ್ಯಾಂಕ್ ಖಾತೆಯ ಸಂಖ್ಯೆ ಬಾಯಿಪಾಠ, ಫೋನಿನ ಪಾಸ್‌ವರ್ಡು ಬಾಯಿಪಾಠ. ಹುಟ್ಟಿದ ನಕ್ಷತ್ರವೊಂದು ಮಾತ್ರ ಅಮ್ಮನ ಸುಪರ್ದಿಯಲ್ಲಿದೆ. ನಿನ್ನ ಓರಗೆಯವರಲ್ಲೇ ಇನ್ನೊಂದು ಬಗೆಯವರಿದ್ದಾರೆ. ಬೆಳಗೆದ್ದು ಫೋನಿನಲ್ಲಿ ದಿನಭವಿಷ್ಯ ನೋಡದೆ ಹಲ್ಲುಜ್ಜುವುದಿಲ್ಲ. ಒಬ್ಬರಿಗೆ ಏನೂ ಗೊತ್ತಿಲ್ಲ. ಇನ್ನೊಬ್ಬರಿಗೆ ಗೊತ್ತಿರುವುದೆಲ್ಲ ಬರೀ ಹೆದರಿಕೆ. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು: ನಕ್ಷತ್ರವನ್ನು ತಿಳಿದುಕೋ, ಆದರೆ ಅದರಿಂದ ಮನುಷ್ಯರನ್ನು ಅಳೆಯಬೇಡ.

ಜನ್ಮನಕ್ಷತ್ರದಲ್ಲಿ ಗುಟ್ಟೇನಿಲ್ಲ. ನೀನು ಹುಟ್ಟಿದ ಗಳಿಗೆಯಲ್ಲಿ ಚಂದ್ರ ಆಕಾಶದ ಯಾವ ಪಾಲಿನಲ್ಲಿದ್ದ ಅನ್ನುವುದೇ ನಿನ್ನ ನಕ್ಷತ್ರ. ಚಂದ್ರ ಒಂದು ಸುತ್ತು ಮುಗಿಸಿ ಹೊರಟ ನಕ್ಷತ್ರದ ಬಳಿಗೇ ಮರಳಲು 27 ದಿನ, ಮೇಲೆ ಸುಮಾರು ಏಳೂಮುಕ್ಕಾಲು ಗಂಟೆ ಬೇಕು. ಹಿರಿಯರು ಅವನ ದಾರಿಯನ್ನು 27 ಪಾಲು ಮಾಡಿದರು. ಪಾಲಿಗೆ 13 ಡಿಗ್ರಿ 20 ಕಲೆ. ಒಂದೊಂದು ಪಾಲಿನಲ್ಲೂ ಚಂದ್ರ ಹತ್ತಿರಹತ್ತಿರ ಒಂದು ದಿನ ಇರುತ್ತಾನೆ. ಪಾಲನ್ನು ಮತ್ತೆ ನಾಲ್ಕು ಪಾದ ಮಾಡಿದರು, ಒಟ್ಟು 108 ಪಾದ ಆಯಿತು. ಒಂಬತ್ತು ಪಾದ ಸೇರಿದರೆ ಒಂದು ರಾಶಿ. ಅದಕ್ಕೇ ಕೃತ್ತಿಕೆಯ ಮೊದಲ ಪಾದದಲ್ಲಿ ಹುಟ್ಟಿದವರದು ಮೇಷ, ಉಳಿದ ಮೂರು ಪಾದದವರದು ವೃಷಭ. ಇಷ್ಟು ತಿಳಿಯಲು ಯಾವ ಜೋಯಿಸರ ಮನೆ ಬಾಗಿಲೂ ತಟ್ಟಬೇಕಾಗಿಲ್ಲ.

ಇಂಗ್ಲಿಷ್ ಪತ್ರಿಕೆಯಲ್ಲಿ ತಾರೀಖು ನೋಡಿ "ನಾನು ಸಿಂಹ" ಅಂತ ಮೀಸೆ ತಿರುವುತ್ತೀಯಲ್ಲ, ಅದು ಸೂರ್ಯನ ಲೆಕ್ಕ, ಪಶ್ಚಿಮದ ಪದ್ಧತಿ. ನಮ್ಮ ಪಂಚಾಂಗ ಜನ್ಮರಾಶಿಗೆ ಚಂದ್ರನನ್ನು ನೋಡುತ್ತದೆ. ಎರಡು ಪದ್ಧತಿಗಳೂ ಎಣಿಕೆ ಶುರುಮಾಡುವ ಜಾಗದಲ್ಲೇ ಈಗ ಸುಮಾರು 24 ಡಿಗ್ರಿ ವ್ಯತ್ಯಾಸವಿದೆ. ಎರಡನ್ನೂ ಕಲಸಿಕೊಂಡು ಒದ್ದಾಡಬೇಡ.

ಇನ್ನೊಂದು ಕೆಲಸ ಮಾಡು. ಜನವರಿಯ ರಾತ್ರಿ ಎಂಟರ ಹೊತ್ತಿಗೆ ತಾರಸಿ ಹತ್ತಿ ಕತ್ತೆತ್ತು. ನೆತ್ತಿಯ ಹತ್ತಿರ ಪುಟ್ಟ ಗೊಂಚಲಾಗಿ ಕಾಣುವುದು ಕೃತ್ತಿಕೆ. ಅದರ ಪೂರ್ವಕ್ಕೆ ಕೆಂಪಗೆ ಹೊಳೆಯುವುದು ರೋಹಿಣಿ. ಇನ್ನೂ ಪೂರ್ವಕ್ಕೆ ಸರಿದರೆ ಮೃಗಶಿರಾ, ಅದರ ಪಕ್ಕದಲ್ಲೇ ಕೆಂಪು ಆರ್ದ್ರಾ. ರೋಹಿಣಿ ನಮ್ಮಿಂದ ಸುಮಾರು 65 ಬೆಳಕಿನ ವರ್ಷ ದೂರ. ನೀನು ಇವತ್ತು ನೋಡುವ ಆ ಕೆಂಪು, ನಾನು ಸ್ಲೇಟು ಬಳಪ ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿಂದ ಹೊರಟದ್ದು. ನಕ್ಷತ್ರದ ವಿಷಯದಲ್ಲಿ ಹೆದರುವವರನ್ನು ಬಹಳ ಮಂದಿ ನೋಡಿದ್ದೇನೆ. ತಮ್ಮ ನಕ್ಷತ್ರವನ್ನು ಆಕಾಶದಲ್ಲಿ ಗುರುತಿಸಿ ತೋರಿಸುವವರು ಕಾಣಸಿಗುವುದೇ ಅಪರೂಪ. ನೀನಾದರೂ ಆ ಅಪರೂಪದವರ ಸಾಲಿಗೆ ಸೇರು.

ಈ ಎಣಿಕೆ ಬಹಳ ಹಳೆಯದು. ವೇದಕಾಲದ ಪಟ್ಟಿಗಳು ಕೃತ್ತಿಕೆಯಿಂದ ಶುರುವಾಗುತ್ತವೆ, ಅಶ್ವಿನಿಯಿಂದ ಎಣಿಸುವ ರೂಢಿ ಆಮೇಲೆ ಬಂತು. ನಮ್ಮ ರೈತನಿಗೆ ಇವೇ ಹೆಸರುಗಳು ಮಳೆಯ ಹೆಸರುಗಳು. ಅಲ್ಲಿ ನೋಡುವುದು ಸೂರ್ಯನನ್ನು. ಅವನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರಾ ಮಳೆ, ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆ ನಿನ್ನ ಮುತ್ತಜ್ಜನ ಬಾಯಲ್ಲಿ ಸದಾ ಇತ್ತು. ಹಾಗಂತ ಅವರು ಗಾದೆ ನಂಬಿ ಕೈಕಟ್ಟಿ ಕೂತವರಲ್ಲ. ಭರಣಿ ಬರಲಿ ಬಿಡಲಿ, ಹೊಲ ಹಸನು ಮಾಡಿಕೊಂಡೇ ಇರುತ್ತಿದ್ದರು. ಈ ಬುದ್ಧಿಯನ್ನು ಗಟ್ಟಿಯಾಗಿ ಹಿಡಿದುಕೋ.

ಜ್ಯೋತಿಷ್ಯ ಜನ್ಮನಕ್ಷತ್ರವನ್ನು ಯಾವುದಕ್ಕೆಲ್ಲ ಬಳಸುತ್ತದೆ ಅನ್ನುವುದೂ ತಿಳಿದಿರಲಿ. ಗೊತ್ತಿಲ್ಲದವರನ್ನು ಹೆದರಿಸುವುದು ಸುಲಭ. ಮೊದಲನೆಯದು ಹೆಸರು. ಪ್ರತಿ ಪಾದಕ್ಕೂ ಒಂದು ಅಕ್ಷರ ಇದೆ. ಅಶ್ವಿನಿಗೆ ಚೂ, ಚೇ, ಚೋ, ಲಾ. ರೋಹಿಣಿಗೆ ಓ, ವಾ, ವೀ, ವೂ. ಆರ್ದ್ರೆಯ ಒಂದು ಪಾದಕ್ಕೆ ಙ ಬರುತ್ತದೆ. ಆ ಅಕ್ಷರದಲ್ಲಿ ಯಾವ ತಾಯಿ ಮಗುವನ್ನು ಕೂಗಿ ಕರೆದಾಳು? ಅದಕ್ಕೇ ಜನ್ಮನಾಮ ಒಂದಿಟ್ಟು, ಕರೆಯುವ ಹೆಸರು ಬೇರೆ ಇಡುವ ರೂಢಿ ಇದೆ.

ಎರಡನೆಯದು ದಶೆ. ವಿಂಶೋತ್ತರಿ ಲೆಕ್ಕದಲ್ಲಿ ಒಂಬತ್ತು ಗ್ರಹಗಳಿಗೆ ಸೇರಿ 120 ವರ್ಷ. ಕೇತುವಿಗೆ 7, ಶುಕ್ರನಿಗೆ 20, ರವಿಗೆ 6, ಚಂದ್ರನಿಗೆ 10, ಕುಜನಿಗೆ 7, ರಾಹುವಿಗೆ 18, ಗುರುವಿಗೆ 16, ಶನಿಗೆ 19, ಬುಧನಿಗೆ 17. ಯಾವುದರಿಂದ ಶುರು ಅನ್ನುವುದನ್ನು ನಕ್ಷತ್ರ ಹೇಳುತ್ತದೆ. ಭರಣಿಯವರಿಗೆ ಶುಕ್ರದಿಂದ, ಆರ್ದ್ರೆಯವರಿಗೆ ರಾಹುವಿನಿಂದ. ಭರಣಿ ಅರ್ಧ ಕಳೆದ ಮೇಲೆ ಹುಟ್ಟಿದರೆ ಶುಕ್ರದಶೆಯಲ್ಲಿ 10 ವರ್ಷ ಮಾತ್ರ ಉಳಿದಿರುತ್ತದೆ. ಈಗ ನೀನೇ ಯೋಚಿಸು. ನೂರಿಪ್ಪತ್ತು ವರ್ಷದ ಪಟ್ಟಿಯಲ್ಲಿ ಶನಿಗೂ ರಾಹುವಿಗೂ ಸೇರಿ 37 ವರ್ಷ. ಅಷ್ಟೂ ವರ್ಷ ಕಂಬಳಿ ಹೊದ್ದು ಮಲಗಲು ಆದೀತೆ? ನನ್ನ ಶನಿದಶೆಯಲ್ಲೇ ಮಕ್ಕಳ ಓದು ಮುಗಿಯಿತು, ಮನೆಯ ಸಾಲ ತೀರಿತು. ಕೆಲಸ ಮಾಡಿದವರಿಗೆ ಆ ವರ್ಷಗಳೂ ವರ್ಷಗಳೇ.

ಮೂರನೆಯದು ಮದುವೆ. ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳು. ಕೂಟ ನೋಡುವಾಗ ಹುಡುಗ ಹುಡುಗಿಯ ನಕ್ಷತ್ರ, ರಾಶಿ ಹಿಡಿದು 36 ಗುಣಕ್ಕೆ ಲೆಕ್ಕ ಹಾಕುತ್ತಾರೆ. ನಾಡಿಗೆ 8, ರಾಶಿಕೂಟಕ್ಕೆ 7, ಗಣಕ್ಕೆ 6, ಹೀಗೆ ಇಳಿಯುತ್ತಾ ವರ್ಣಕ್ಕೆ 1. ಹದಿನೆಂಟು ಬಂದರೆ ಆಗಬಹುದು ಅನ್ನುತ್ತಾರೆ. ಹುಡುಗ ಕುಡಿಯುತ್ತಾನೋ, ಸಾಲ ಮಾಡಿದ್ದಾನೋ, ಸಿಟ್ಟು ಬಂದರೆ ಕೈ ಎತ್ತುತ್ತಾನೋ, ಹುಡುಗಿಗೆ ಈ ಮದುವೆ ಇಷ್ಟವೋ ಇಲ್ಲವೋ ಅನ್ನುವುದಕ್ಕೆ ಆ 36ರಲ್ಲಿ ಒಂದು ಗುಣವೂ ಇಲ್ಲ. ಮೂವತ್ತು ದಾಟಿದ ಕೂಟದ ಜೋಡಿಗಳು ಬೇರೆಯಾದದ್ದನ್ನು ನೋಡಿದ್ದೇನೆ. ಜಾತಕವನ್ನೇ ನೋಡದೆ ಕೈಹಿಡಿದವರು ಅರವತ್ತರ ಶಾಂತಿ ಮಾಡಿಸಿಕೊಂಡದ್ದನ್ನೂ ನೋಡಿದ್ದೇನೆ.

ಇದಕ್ಕಿಂತ ಕೆಟ್ಟ ಮಾತೊಂದಿದೆ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ ಆಗದು ಅಂತ. ನಮ್ಮ ನೆಂಟರ ಪೈಕಿ ಒಬ್ಬಳು ಹುಡುಗಿ. ಮೂಲಾ ನಕ್ಷತ್ರ ಅಂತ ಗಂಡುಗಳೆಲ್ಲ ತಿರುಗಿ ಹೋದವು. ಕೊನೆಗೆ ಅವಳಪ್ಪ ಜಾತಕ ತಿದ್ದಿಸಿ ಪೂರ್ವಾಷಾಢ ಅಂತ ಬರೆಸಿದ. ಪಕ್ಕದ ನಕ್ಷತ್ರ, ರಾಶಿಯೂ ಅದೇ ಧನುಸ್ಸು, ಯಾರಿಗೂ ಸಂಶಯ ಬರಲಿಲ್ಲ. ಮದುವೆಯಾಯಿತು. ಆದರೆ ವರ್ಷಾನುವರ್ಷ ದೇವರ ಮುಂದೆ ನಿಂತು ಸುಳ್ಳು ನಕ್ಷತ್ರ ಹೇಳಿ ಅರ್ಚನೆ ಮಾಡಿಸುವ ಸಂಕಟ ಅವಳ ಪಾಲಿಗೆ ಬಂತು. ಮಾವ ತೀರಾ ಹಣ್ಣಾದ ಮೇಲೆ, ಅವರ ಕಾಲೊತ್ತುತ್ತಾ ಒಂದು ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅವರು ಹೇಳಿದ್ದಿಷ್ಟೇ: "ನಾಳೆಯಿಂದ ಮೂಲಾ ಅಂತಲೇ ಹೇಳಮ್ಮ, ನಾನೂ ಜೊತೆಗೆ ಬರುತ್ತೇನೆ." ಆ ಅಪ್ಪ ಸುಳ್ಳು ಬರೆಸಿದ್ದು ತಪ್ಪೇ. ಅವನನ್ನು ಅಲ್ಲಿಗೆ ತಳ್ಳಿದ ನಮ್ಮೆಲ್ಲರ ತಪ್ಪು ಇನ್ನೂ ದೊಡ್ಡದು.

ನವರಾತ್ರಿಯಲ್ಲಿ ಮೂಲಾ ನಕ್ಷತ್ರ ಬಂದ ದಿನವೇ ಪುಸ್ತಕಗಳನ್ನು ಮಣೆಯ ಮೇಲಿಟ್ಟು ಸರಸ್ವತಿಯನ್ನು ಮನೆಗೆ ಕರೆಯುತ್ತೇವೆ. ಅದೇ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣುಮಗಳನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ? ಆಶ್ಲೇಷೆಯ ಮಾತಿಗೂ ಉತ್ತರವಿದೆ. ವಾಲ್ಮೀಕಿ ರಾಮಾಯಣದ ಪ್ರಕಾರ ಲಕ್ಷ್ಮಣ ಹುಟ್ಟಿದ್ದು ಆಶ್ಲೇಷೆಯಲ್ಲಿ. ಗಣದ ಪಟ್ಟಿ ಹಿಡಿದರೆ ಅವನದು ರಾಕ್ಷಸಗಣ. ಅಣ್ಣನ ಹಿಂದೆ ಹದಿನಾಲ್ಕು ವರ್ಷ ಕಾಡಿನಲ್ಲಿ ಎಚ್ಚರವಿದ್ದು ಕಾದವನಿಗೆ ಆ ಪಟ್ಟಿ ಏನು ಹೇಳೀತು? ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರ ತಿರುನಕ್ಷತ್ರವನ್ನು ಸಂಭ್ರಮದಿಂದ ಆಚರಿಸುತ್ತಾರೆ. ಅವರದು ಆರ್ದ್ರೆ, ದಶೆಯ ಲೆಕ್ಕದಲ್ಲಿ ರಾಹುವಿನದು. ಅವರ ಕೆಲಸ ನೋಡಿ ಜನ ನಕ್ಷತ್ರಕ್ಕೆ ಹಬ್ಬ ಮಾಡಿದರು. ನಕ್ಷತ್ರ ನೋಡಿ ಅವರನ್ನು ಅಳೆಯಲಿಲ್ಲ.

ಲೆಕ್ಕ ಬೇಕೇ? 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಇಪ್ಪತ್ತೇಳರಿಂದ ಭಾಗಿಸು. ಒಂದೊಂದು ನಕ್ಷತ್ರಕ್ಕೆ 22 ಲಕ್ಷಕ್ಕೂ ಹೆಚ್ಚು ಜನ, ಅದರಲ್ಲಿ ಹೆಂಗಸರೇ ಸುಮಾರು 11 ಲಕ್ಷ. ಅಷ್ಟೂ ಹೆಂಗಸರ ಮಾವಂದಿರಿಗೆ ಕೇಡು ಕಾದಿದೆ ಅಂದರೆ ನಂಬುವ ಮಾತೇ? ಜಾತಕವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ 200 ಮಕ್ಕಳ ಜಾತಕ ಸೇರಿಸಿದರು. ಅರ್ಧ ಮಕ್ಕಳು ಓದಿನಲ್ಲಿ ಬಹಳ ಮುಂದಿದ್ದವರು, ಅರ್ಧ ಬುದ್ಧಿಮಾಂದ್ಯ ಮಕ್ಕಳು. 27 ಜ್ಯೋತಿಷಿಗಳು ತಲಾ 40 ಜಾತಕ ನೋಡಿ ಯಾವುದು ಯಾರದು ಅಂತ ಹೇಳಿದರು. ಸರಾಸರಿ ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಐವತ್ತು ಸರಿಯಾಗುತ್ತಿತ್ತು.

ಹಾಗಾದರೆ ನಕ್ಷತ್ರವನ್ನು ಎಸೆದುಬಿಡಲೇ ಅಂತ ಕೇಳುತ್ತೀಯ. ಗೊತ್ತಿತ್ತು, ನಿನ್ನದು ಯಾವಾಗಲೂ ಆ ತುದಿ ಇಲ್ಲವೇ ಈ ತುದಿ. ಬೇಡ, ಇಟ್ಟುಕೋ. ಅದು ಕಾಲದಲ್ಲಿ ನಿನ್ನ ಮನೆಯ ವಿಳಾಸ. ವಿಳಾಸ ನೋಡಿ ಮನೆಯೊಳಗಿನವರ ಗುಣ ಹೇಳಲಾಗದು, ಹಾಗಂತ ವಿಳಾಸವನ್ನು ಯಾರೂ ಹರಿದು ಹಾಕುವುದಿಲ್ಲ. ವರ್ಷಕ್ಕೊಮ್ಮೆ ನಿನ್ನ ಮಾಸದ, ನಿನ್ನ ನಕ್ಷತ್ರದ ದಿನ ವರ್ಧಂತಿ ಬರುತ್ತದೆ. ಅಂದು ಎಣ್ಣೆನೀರು ಹಾಕಿಕೋ, ಹಿರಿಯರಿಗೆ ನಮಸ್ಕಾರ ಮಾಡು, ಪಾಯಸ ಉಣ್ಣು. ಕೇಕಿನ ದಿನವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಹೆದರಬೇಡ.

"ನಂದು ರಾಕ್ಷಸಗಣ, ಅದಕ್ಕೇ ಸಿಟ್ಟು" ಅನ್ನುವ ನೆವ ಮಾತ್ರ ನನ್ನ ಮುಂದೆ ಹೇಳಬೇಡ. ಒಂದೇ ಆಸ್ಪತ್ರೆಯಲ್ಲಿ ಒಂದೇ ದಿನ ಹುಟ್ಟಿದ ಮಕ್ಕಳನ್ನು ಬೆಳೆಯುವತನಕ ನೋಡಿದವರು ನಾವು. ಒಬ್ಬ ಅಪ್ಪ ಅಮ್ಮನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಫೋನನ್ನೂ ಎತ್ತುವುದಿಲ್ಲ. ಚಂದ್ರ ಇಬ್ಬರಿಗೂ ಒಂದೇ ಕಡೆ ಇದ್ದ. ನಾಲಿಗೆ ಹಿಡಿಯುವುದು, ಹೇಳಿದ ಹೊತ್ತಿಗೆ ಹೋಗುವುದು, ಪಡೆದ ಸಾಲ ತೀರಿಸುವುದು, ತಪ್ಪಾದಾಗ ತಪ್ಪಾಯಿತು ಅನ್ನುವುದು, ಇವೆಲ್ಲ ದಿನದಿನದ ರೂಢಿಯಿಂದ ಬರುವ ಗುಣ. ಯಾವ ಪಾದದಲ್ಲಿ ಹುಟ್ಟಿದರೂ ಕಲಿಯಬಹುದು, ಯಾವ ಪಾದದಲ್ಲಿ ಹುಟ್ಟಿದರೂ ಕಲಿಯದೆ ಕೆಡಬಹುದು.

ಇವತ್ತೇ ಅಮ್ಮನ ಹತ್ತಿರ ಕೂತು ನಿನ್ನ ಹುಟ್ಟಿದ ದಿನ, ವೇಳೆ, ಊರು, ನಕ್ಷತ್ರ, ಪಾದ ಎಲ್ಲ ಬರೆದಿಟ್ಟುಕೋ. ನಾಳೆ ನಿನಗೆ ಹೆಣ್ಣೋ ಗಂಡೋ ನೋಡುವ ಕಾಲ ಬಂದಾಗ, ಯಾರ ನಕ್ಷತ್ರವನ್ನೂ ಮುಂದಿಟ್ಟು ಯಾರನ್ನೂ ಬೇಡ ಅನ್ನಬೇಡ. ನಮ್ಮ ತಲೆಮಾರಿಗೆ ಈ ಕೆಲಸ ಪೂರ್ತಿ ಆಗಲಿಲ್ಲ. ನಿನ್ನಿಂದ ಆಗುತ್ತದೆ, ಮಾಡು.